ಕಾಲು ಸುಟ್ಟದ್ದು ಗೊತ್ತಾಗಲಿಲ್ಲ

ನನ್ನ ಎಡಗಾಲಿನಲ್ಲಿ ಈಗ ಮೂರೇ ಬೆರಳು. ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ 2018ರ ಮಳೆಗಾಲದಲ್ಲಿ ತೆಗೆದರು. ತೆಗೆದ ಡಾಕ್ಟರ ಮೇಲೆ ನನಗೆ ಯಾವ ದೂರೂ ಇಲ್ಲ. ಎರಡು ಬೆರಳು ತೆಗೆದು ಅವರು ನನ್ನ ಪಾದ ಉಳಿಸಿಕೊಟ್ಟರು. ಆದರೆ ಆ ಬೆರಳುಗಳು ಹೋಗಲೇಬೇಕಾಗಿರಲಿಲ್ಲ ಎಂಬುದು ಆಮೇಲೆ ಒಂದೊಂದಾಗಿ ತಿಳಿಯುತ್ತಾ ಬಂತು. ತಿಳಿದದ್ದನ್ನು ತಿಳಿದ ಹಾಗೆಯೇ ಬರೆದಿಡುತ್ತಿದ್ದೇನೆ.

ನಾನು ಚನ್ನರಾಯಪಟ್ಟಣ ತಾಲ್ಲೂಕಿನವನು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು 2017ರಲ್ಲಿ ನಿವೃತ್ತನಾದೆ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು 2005ರಲ್ಲಿ, ಶಾಲೆಯ ಅಂಗಳದಲ್ಲಿ ನಡೆದ ಆರೋಗ್ಯ ಶಿಬಿರವೊಂದರಲ್ಲಿ. ಅಲ್ಲಿಂದಾಚೆಗೆ ಪಟ್ಟಣದ ಒಂದು ಖಾಸಗಿ ಕ್ಲಿನಿಕ್‌ಗೆ ತಪ್ಪದೆ ಹೋಗುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದು ಎರಡು ಗಂಟೆಯ ಮೇಲೆ ಇನ್ನೊಮ್ಮೆ ರಕ್ತ ಕೊಟ್ಟು, ಚೀಟಿ ಹಿಡಿದು ಒಳಗೆ ಹೋದರೆ ಡಾಕ್ಟರು ಅಂಕಿ ನೋಡುತ್ತಿದ್ದರು. ಹೆಚ್ಚಿದ್ದರೆ ಮಾತ್ರೆ ಏರಿಸುತ್ತಿದ್ದರು, ಕಡಿಮೆಯಿದ್ದರೆ ‘ಹೀಗೇ ಇರಲಿ ಮೇಷ್ಟ್ರೇ’ ಎನ್ನುತ್ತಿದ್ದರು. ಬಿಪಿ ನೋಡುತ್ತಿದ್ದರು. ಕಣ್ಣಿನ ಪರೀಕ್ಷೆಗೆ ಒಮ್ಮೆ ಬರೆದುಕೊಟ್ಟಿದ್ದರು. ಅಷ್ಟು ವರ್ಷಗಳಲ್ಲಿ ನನ್ನ ಕಾಲನ್ನು ಯಾರೂ ನೋಡಲಿಲ್ಲ. ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಿನಲ್ಲೇ ಒಳಗೆ ಹೋಗುತ್ತಿದ್ದೆ, ಆದರೂ ಯಾರೂ ನೋಡಲಿಲ್ಲ.

ಕಾಲಿನ ಬಗ್ಗೆ ನಾನು ಹೇಳಿರಲಿಲ್ಲವೆಂದಲ್ಲ. ನಿವೃತ್ತಿಗೆ ಕೆಲವು ವರ್ಷ ಮೊದಲೇ ರಾತ್ರಿ ಹೊತ್ತು ಪಾದದಲ್ಲಿ ಇರುವೆ ಹರಿದಂತೆ, ಚುಚ್ಚಿದಂತೆ ಆಗುತ್ತಿತ್ತು. ಆಮೇಲೆ ಚುಚ್ಚುವುದು ತಾನಾಗಿಯೇ ಕಡಿಮೆಯಾಯಿತು. ಅಂಗಾಲಿನಲ್ಲಿ ಜೋಮು ಹಿಡಿದ ಹಾಗೆ, ದಪ್ಪ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಅನ್ನಿಸತೊಡಗಿತು. ಹಿಮ್ಮಡಿ ಒಣಗಿ ಬಿರಿಯುತ್ತಿತ್ತು. ಹೇಳಿದೆ. ವಿಟಮಿನ್ ಮಾತ್ರೆ ಬರೆದುಕೊಟ್ಟರು. ಚುಚ್ಚುವುದು ನಿಂತಿತಲ್ಲ ಎಂದು ನಾವೆಲ್ಲ ಸಮಾಧಾನಪಟ್ಟೆವು. ನರ ಸಾಯುತ್ತಾ ಬಂದಾಗ ನೋವೂ ನಿಲ್ಲುತ್ತದೆ, ಆ ಸಮಾಧಾನ ಕಾಯಿಲೆ ಮುಂದುವರಿದದ್ದರ ಗುರುತು ಎಂದು ಆಗ ನಮಗೆ ಹೇಳುವವರಿರಲಿಲ್ಲ.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಆ ನೂಕುನುಗ್ಗಲಿನಲ್ಲಿ ಬರಲಾಗದ ಬೆಂಗಳೂರಿನ ನೆಂಟರು ಏಪ್ರಿಲ್ ರಜೆಯಲ್ಲಿ ಬಂದರು. ನಮ್ಮೂರಿಗೆ ಬೆಳಗೊಳ ಹತ್ತಿರ. ಬಂದವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಮೊದಲಿನಿಂದಲೂ ನನ್ನ ಪಾಲಿನ ಕೆಲಸ. ವಿಂಧ್ಯಗಿರಿಯನ್ನು ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲೇ ಏರಬೇಕು. ನಾವು ತಿಂಡಿ ಮುಗಿಸಿ ಹೊರಟಿದ್ದೆವು. ಗೊಮ್ಮಟನ ಎದುರು ಕುಳಿತು, ಶಾಸನಗಳನ್ನು ತೋರಿಸಿ, ಮಕ್ಕಳಿಗೆ ಭರತ ಬಾಹುಬಲಿಯರ ಕಥೆ ಹೇಳಿ ಇಳಿಯುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ.

ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಮಗಳ ಮಗಳು ಅಳತೊಡಗಿದಳು. ‘ಸುಡ್ತಾ ಇದೆ ತಾತ, ಎತ್ಕೋ.’ ಎತ್ತಿಕೊಂಡೆ. ನೆಂಟರು ಒಂದೊಂದು ನೆರಳಿಗೂ ಓಡಿ, ನಿಂತು, ಮತ್ತೆ ಓಡುತ್ತಿದ್ದರು. ಕಾಲುಚೀಲ ತಂದವರು ಹಾಕಿಕೊಂಡರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ನಡೆದು ಇಳಿದೆ. ‘ಭಾವ, ನಿಮ್ಮ ಕಾಲಿಗೆ ಅಭ್ಯಾಸ ಬಿಡಿ’ ಎಂದರು ಒಬ್ಬರು. ನನಗೂ ಹಾಗೇ ಅನ್ನಿಸಿತು. ಬರಿಗಾಲಲ್ಲಿ ಹೊಲ ತುಳಿದು ಬೆಳೆದ ಕಾಲು, ತಡೆದುಕೊಳ್ಳುತ್ತಿದೆ ಎಂದುಕೊಂಡೆ. ಕೆಳಗೆ ಬಂದು ಎಳನೀರು ಕುಡಿದು ಮನೆಗೆ ಬಂದೆವು.

ಸಂಜೆ ನನ್ನ ಹೆಂಡತಿ ನಡುಮನೆಯಲ್ಲಿ ನಿಂತು, ‘ಏನ್ರೀ, ಕಾಲು ತೊಳ್ಕೊಂಡು ಒರೆಸ್ಕೊಳ್ದೆ ಬಂದ್ರಾ?’ ಎಂದಳು. ಕೆಂಪು ಗಾರೆಯ ನೆಲದ ಮೇಲೆ ಒಂದೇ ಕಾಲಿನ ಒದ್ದೆ ಹೆಜ್ಜೆಗಳಿದ್ದವು. ನಾನು ಕಾಲು ತೊಳೆದಿರಲಿಲ್ಲ. ಕುಳಿತು ಪಾದ ಎತ್ತಿ ನೋಡಿದರೆ ಎಡ ಅಂಗಾಲಿನ ಮುಂಭಾಗದಲ್ಲಿ, ಕಿರುಬೆರಳಿನ ಬುಡಕ್ಕೆ, ದೊಡ್ಡ ಬೊಬ್ಬೆ ಎದ್ದು ಒಡೆದು ನೀರು ಸೋರುತ್ತಿತ್ತು. ಹಿಮ್ಮಡಿಯಲ್ಲಿ ಇನ್ನೊಂದು ಬೊಬ್ಬೆ ಇನ್ನೂ ಒಡೆದಿರಲಿಲ್ಲ. ಅವಳು ಮುಟ್ಟಿ ‘ನೋವಾ?’ ಎಂದಳು. ಇಲ್ಲ ಎಂದೆ. ಒತ್ತಿದಳು. ಆಗಲೂ ಇಲ್ಲ ಎಂದೆ. ಅವಳ ಮುಖ ಬಾಡಿತು. ನನಗಿಂತ ಮೊದಲು ಅವಳಿಗೆ ಭಯ ಹತ್ತಿತು.

ಅರಿಶಿನ ಹಚ್ಚಿ ಎಂದವರಿದ್ದರು, ಕೊಬ್ಬರಿ ಎಣ್ಣೆ ಎಂದವರಿದ್ದರು, ಯಾವುದೋ ಸೊಪ್ಪಿನ ರಸ ತಂದುಕೊಟ್ಟವರೂ ಇದ್ದರು. ಹೆಂಡತಿ ಒಂದನ್ನೂ ಹಚ್ಚಗೊಡಲಿಲ್ಲ. ಮರುದಿನ ಬೆಳಿಗ್ಗೆಯೇ ಕ್ಲಿನಿಕ್‌ಗೆ ಹೊರಡಿಸಿದಳು. ಅಲ್ಲಿ ಗಾಯ ಒರೆಸಿ, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ‘ಸುಟ್ಟ ಗಾಯ, ಒಣಗುತ್ತೆ, ವಾರ ಬಿಟ್ಟು ಬನ್ನಿ’ ಎಂದರು. ಆ ಕಾಲನ್ನು ನೆಲಕ್ಕೆ ಊರಬೇಡಿ ಎಂದು ಒಬ್ಬರೂ ಹೇಳಲಿಲ್ಲ. ಇದೊಂದು ಮಾತು ಅಂದು ನನ್ನ ಕಿವಿಗೆ ಬಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಕಾಲು ನೋಯುವವನು ತಾನಾಗಿಯೇ ಕುಂಟುತ್ತಾನೆ, ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತಾನೆ. ಹಾಗಾಗಿ ಅವನ ಗಾಯ ಮಾಯುತ್ತದೆ. ನನಗೆ ನೋವೇ ಇರಲಿಲ್ಲವಾದ್ದರಿಂದ ತೋಟಕ್ಕೂ ಹೋದೆ, ಡೇರಿಗೆ ಹಾಲೂ ಹಾಕಿ ಬಂದೆ, ಮದುವೆಗಳಿಗೂ ಹೋದೆ. ಒಂದೊಂದು ಹೆಜ್ಜೆಯೂ ಆ ಗಾಯವನ್ನು ಒಳಕ್ಕೆ ಒತ್ತುತ್ತಿತ್ತು.

ಹಿಮ್ಮಡಿಯದು ಒಣಗಿತು. ಬೆರಳ ಬುಡದ್ದು ಒಣಗಲಿಲ್ಲ. ಅಂಚು ಬೆಳ್ಳಗೆ ದಪ್ಪಗಟ್ಟಿ, ನಡುವೆ ಕುಳಿಯಾಯಿತು. ಮುಂಗಾರು ಹಿಡಿಯುವ ಹೊತ್ತಿಗೆ ಕೋಣೆಯಲ್ಲಿ ಒಂದು ವಾಸನೆ. ಆಮೇಲೆ ಚಳಿಜ್ವರ. ಒಂದು ರಾತ್ರಿ ಪಾದ ಕೆಂಪಗೆ ಊದಿ ಕಣಕಾಲಿನವರೆಗೂ ಬಿಸಿಯಾಯಿತು. ಮಗಳು ಹಾಸನದಿಂದ ಕಾರು ಕಳಿಸಿದಳು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ 400 ದಾಟಿತ್ತು. ಸೋಂಕು ಹತ್ತಿದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಸೋಂಕು ಬಲಿಯುತ್ತದೆ. ಎರಡೂ ಸೇರಿ ಮನುಷ್ಯನನ್ನು ತಳಕ್ಕೆ ಎಳೆಯುತ್ತವೆ.

ಅಲ್ಲಿನ ಸರ್ಜನ್ ಮೊದಲು ಮಾಡಿದ್ದು ನನ್ನ ಕಣ್ಣು ಮುಚ್ಚಿಸಿದ್ದು. ನೈಲಾನ್ ಎಳೆಯಂಥ ಒಂದು ಚಿಕ್ಕ ಕಡ್ಡಿಯಿಂದ ಪಾದದ ಬೇರೆ ಬೇರೆ ಕಡೆ ಮುಟ್ಟುತ್ತೇನೆ, ಗೊತ್ತಾದಾಗ ‘ಹೂಂ’ ಅನ್ನಿ ಎಂದರು. ಸುಮ್ಮನೆ ಕಾದೆ. ಒಂದೆರಡು ಸಲ ಹೂಂ ಎಂದೆ. ಕಣ್ಣು ಬಿಟ್ಟಾಗ, ಅವರು ಎರಡೂ ಪಾದದ ಮೇಲೆ ಎಲ್ಲೆಲ್ಲೂ ಮುಟ್ಟಿ ಮುಗಿಸಿದ್ದರು. ಆ ಕಡ್ಡಿಗೆ ಮೋನೋಫಿಲಮೆಂಟ್ ಎನ್ನುತ್ತಾರೆ. ಬಾಗುವಷ್ಟು ಒತ್ತಿದರೆ ಹತ್ತು ಗ್ರಾಂ ಭಾರ ಬೀಳುವ ಹಾಗೆ ಮಾಡಿದ ನೈಲಾನ್ ಎಳೆ. ಅಷ್ಟು ಒತ್ತಿದ್ದೂ ಗೊತ್ತಾಗದಿದ್ದರೆ ಆ ಪಾದಕ್ಕೆ ರಕ್ಷಣೆ ಇಲ್ಲ ಎಂದರ್ಥ. ಪರೀಕ್ಷೆಗೆ ವಿದ್ಯುತ್ತು ಬೇಡ, ದುಬಾರಿ ಯಂತ್ರ ಬೇಡ, ಕೆಲವು ನಿಮಿಷ ಸಾಕು. 2005ರಿಂದ 2018ರವರೆಗೆ ಅದನ್ನು ನನಗೆ ಯಾರೂ ಮಾಡಿರಲಿಲ್ಲ.

ಆಮೇಲೆ ಉಕ್ಕಿನ ಕಡ್ಡಿಯೊಂದನ್ನು ಗಾಯದೊಳಗೆ ಇಳಿಸಿದರು. ಅದು ಗಟ್ಟಿಯಾದದ್ದಕ್ಕೆ ತಗುಲಿತು. ಡಾಕ್ಟರು ನನ್ನ ಹೆಂಡತಿಯ ಕಡೆ ತಿರುಗಿ, ‘ಇದು ಮೂಳೆ ಅಮ್ಮ’ ಎಂದರು. ಎಕ್ಸ್‌ರೇಯಲ್ಲಿ ಮೂಳೆ ಅಲ್ಲಲ್ಲಿ ಕರಗಿದ್ದು ಕಾಣುತ್ತಿತ್ತು. ಬೆರಳು ಉಳಿಸಲು ಹೋದರೆ ಪಾದ ಹೋಗಬಹುದು, ಪಾದ ಉಳಿಸಲು ಹೋದರೆ ಮೊಣಕಾಲಿನ ಕೆಳಗಿನದೆಲ್ಲ ಹೋಗಬಹುದು ಎಂದು ಬಿಡಿಸಿ ಹೇಳಿದರು. ಸಹಿ ಹಾಕಿದೆ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎಚ್ಚರವಿದ್ದೆ, ಏನೂ ತಿಳಿಯಲಿಲ್ಲ. ಹೇಳಬೇಕಾದದ್ದು ಆ ವಾರ್ಡಿನ ಬಗ್ಗೆ.

ಅಲ್ಲಿದ್ದವರಲ್ಲಿ ಬಹಳ ಮಂದಿ ಸಕ್ಕರೆಯಿಂದ ಕಾಲು ಕೆಟ್ಟವರು. ನನ್ನ ಪಕ್ಕದ ಹಾಸಿಗೆಯವರು ಲಾರಿ ಡ್ರೈವರ್. ಇಂಜಿನ್ನಿನ ಶಾಖಕ್ಕೆ ಪಾದ ಬೆಂದಿತ್ತು, ಲೋಡು ಇಳಿಸಿ ಬೂಟು ಬಿಚ್ಚಿದಾಗಲೇ ಅವರಿಗೆ ತಿಳಿದದ್ದು. ಎದುರು ಸಾಲಿನ ರೈತರೊಬ್ಬರ ಚಪ್ಪಲಿಗೆ ಮೊಳೆ ಹೊಕ್ಕಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮೇಲೆಯೇ ನಡೆದು ಆಲೂಗಡ್ಡೆ ಹೊಲದಲ್ಲಿ ಕೆಲಸ ಮಾಡಿದ್ದರು. ಇನ್ನೊಬ್ಬ ವೃದ್ಧರಿಗೆ ನಿದ್ದೆಯಲ್ಲಿ ಇಲಿ ಕಚ್ಚಿತ್ತು. ಹೆಬ್ಬೆರಳಿನ ತುದಿಯನ್ನು ತಿಂದುಬಿಟ್ಟಿತ್ತು. ಬೆಳಗಾಗಿ ಹಾಸಿಗೆಯ ರಕ್ತ ನೋಡಿ ಸೊಸೆ ಕೂಗಿಕೊಂಡ ಮೇಲೆಯೇ ಅವರಿಗೆ ಗೊತ್ತು. ಈ ಮಾತನ್ನು ಅವರು ಹೇಳುವಾಗ ವಾರ್ಡಿನಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಕಾಲುನೋವಿಗೆಂದು ಬಿಸಿನೀರಿನ ಚೀಲ ಇಟ್ಟು ಸುಟ್ಟುಕೊಂಡ ಹೆಂಗಸೊಬ್ಬರು, ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಂಡವರೊಬ್ಬರು. ಇನ್ಸುಲಿನ್ ಬಿಡಿ, ಈ ಪುಡಿ ನೆಕ್ಕಿ, ಮೂರು ತಿಂಗಳಲ್ಲಿ ಶುಗರ್ ಬುಡಸಮೇತ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ ಹುಡುಗನೊಬ್ಬ. ಅವನಿಗಿನ್ನೂ ಮೂವತ್ತೈದು ದಾಟಿರಲಿಲ್ಲ. ಅವನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಆ ಪುಡಿ ಮಾರುವವರು ಇವತ್ತೂ ಮಾರುತ್ತಿದ್ದಾರೆ. ಅವರನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಇಷ್ಟೂ ಜನರಲ್ಲಿ ಒಬ್ಬರಾದರೂ ಗಾಯವಾದ ಕ್ಷಣದಲ್ಲಿ ‘ಅಯ್ಯೋ’ ಎಂದಿರಲಿಲ್ಲ. ರಾತ್ರಿ ಮಲಗಿ ನಾನು ಯೋಚಿಸಿದ್ದು ಅದನ್ನೇ. ಸಕ್ಕರೆ ಹೆಚ್ಚಿದ್ದಷ್ಟು ಕಾಲವೂ ನರಗಳು ಹಾಳಾಗುತ್ತವೆ, ಅದರಲ್ಲೂ ಉದ್ದದ ನರಗಳು ಮೊದಲು. ಪಾದಕ್ಕೆ ಇಳಿಯುವ ನರಗಳೇ ಎಲ್ಲಕ್ಕಿಂತ ಉದ್ದ. ಬೆವರಿಸುವ ನರವೂ ಹೋಗುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ಬಿರುಕಿನಿಂದ ಸೋಂಕು ಒಳಹೊಗುತ್ತದೆ. ರಕ್ತನಾಳ ಕಿರಿದಾಗಿ ಮಾಯಿಸುವ ರಕ್ತ ಕೆಳಗೆ ಬರುವುದಿಲ್ಲ. ಸಿಗರೇಟು ಬೀಡಿ ಸೇದುವವರಿಗಂತೂ ಆ ದಾರಿ ಇನ್ನೂ ಬೇಗ ಮುಚ್ಚುತ್ತದೆ.

ಡಿಸ್ಚಾರ್ಜ್ ಆದ ಮೇಲಿನ ದಿನಗಳೇ ಹೆಚ್ಚು ಕಷ್ಟದವು. ಎಡಗಾಲು ನೆಲ ಮುಟ್ಟಕೂಡದು. ಬಚ್ಚಲಿಗೆ ಹೋಗಬೇಕಾದರೂ ವಾಕರ್, ಹೆಂಡತಿಯ ಹೆಗಲು. ನೋವಿರುವ ಗಾಯ ಮನುಷ್ಯನನ್ನು ತಾನೇ ಮಲಗಿಸುತ್ತದೆ. ನೋವಿಲ್ಲದ ಗಾಯವಿಟ್ಟುಕೊಂಡು ಮಲಗಿರುವುದಕ್ಕೆ ಪ್ರತಿ ಗಂಟೆಯೂ ಮನಸ್ಸನ್ನು ಬಿಗಿಹಿಡಿಯಬೇಕು. ತೆಂಗಿನಕಾಯಿ ಕೀಳುವವರು ಬಂದು ಅಂಗಳದಲ್ಲಿ ಕೂಗಿದರೆ ಎದ್ದುಬಿಡಬೇಕೆನಿಸುತ್ತಿತ್ತು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಒಂದು ಸಂಜೆ ಇನ್ಸುಲಿನ್ ಆಗಿ ಊಟ ತಡವಾಯಿತು. ಮೈ ಬೆವರಿ, ಕೈ ನಡುಗಿ, ಮಾತು ತೊದಲಿತು. ಹೆಂಡತಿ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದಳು. ಹೀಗಾಗಬಹುದು, ಆದರೆ ಹೀಗೆ ಮಾಡಿ ಎಂದು ವಾರ್ಡಿನ ಸಿಸ್ಟರ್ ಅವಳಿಗೆ ಹೇಳಿಕೊಟ್ಟು, ಮತ್ತೆ ಅವಳ ಬಾಯಿಂದಲೇ ಹೇಳಿಸಿ ಕಳಿಸಿದ್ದರು. ಆ ಸಿಸ್ಟರನ್ನು ನಾವು ಈಗಲೂ ನೆನೆಯುತ್ತೇವೆ.

ಗಾಯ ಮುಚ್ಚುವ ಹೊತ್ತಿಗೆ ದೀಪಾವಳಿ ಬಂದಿತ್ತು. ಆಮೇಲೆ ಚಪ್ಪಲಿಯ ಪ್ರಶ್ನೆ. ಎರಡು ಬೆರಳು ಹೋದ ಪಾದದ ಭಾರ ಬೇರೆ ಕಡೆ ಬೀಳುತ್ತದೆ, ಅಲ್ಲಿ ಹೊಸ ಗಾಯವಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ, ಅಲ್ಲಿ ಪಾದಕ್ಕೆಂದೇ ಒಂದು ವಿಭಾಗವಿದೆ ಎಂದು ತಿಳಿದದ್ದು ಆಗ. ನನಗೆ ಹೊಂದಿದ್ದು ಎಂಸಿಆರ್ ಚಪ್ಪಲಿ. ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆಯ ಅಟ್ಟೆ, ಮೊಳೆ ಇಲ್ಲದ ಹೊಲಿಗೆ, ಹಿಮ್ಮಡಿಗೂ ಪಟ್ಟಿ.

ಈ ಚಪ್ಪಲಿಯ ಹಿಂದಿನ ಕಥೆ ತಿಳಿದಾಗ ನನಗೆ ಮನಸ್ಸು ತುಂಬಿ ಬಂತು. ಇದು ಮೊದಲು ಬಂದದ್ದು ಸಕ್ಕರೆ ಕಾಯಿಲೆಯವರಿಗಲ್ಲ, ಕುಷ್ಠರೋಗಿಗಳಿಗೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಸರ್ಜನ್ ಲಂಡನ್ನಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಿಂದ ಬೆರಳು ತಾನಾಗಿಯೇ ಉದುರುತ್ತದೆ ಎಂದು ಜನ ನಂಬಿದ್ದ ಕಾಲ. ಅದು ಹಾಗಲ್ಲ, ರೋಗ ನರವನ್ನು ಕೊಂದು ನೋವನ್ನು ತೆಗೆದುಬಿಡುತ್ತದೆ, ನೋವಿಲ್ಲದವರು ಗೊತ್ತಿಲ್ಲದೆ ಸುಟ್ಟುಕೊಳ್ಳುತ್ತಾರೆ, ಚುಚ್ಚಿಕೊಳ್ಳುತ್ತಾರೆ, ಗಾಯದ ಮೇಲೆಯೇ ನಡೆಯುತ್ತಾರೆ, ಅದರಿಂದ ಬೆರಳು ಹೋಗುತ್ತದೆ ಎಂದು ಅವರು ರೋಗಿಗಳ ಜೊತೆಗಿದ್ದು ಕಂಡುಕೊಂಡರು. 1966ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ಗೆ ಹೋದ ಮೇಲೆ, ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ಗತಿ ಎಂದು ಅವರಿಗೆ ಮನವರಿಕೆಯಾಯಿತು. ಗಾಯದ ಮೇಲೆ ಭಾರ ಬೀಳದಂತೆ ಕಾಲಿಗೆ ಪ್ಲಾಸ್ಟರ್ ಹಾಕಿ ಮಾಯಿಸುವ ಪದ್ಧತಿಯನ್ನು ಅಲ್ಲಿಯೂ ಹರಡಿದರು. ಸಮಾಜ ಊರಾಚೆ ಇಟ್ಟಿದ್ದವರ ಪಾದಗಳಿಂದ ಕಲಿತದ್ದು ಇವತ್ತು ನನ್ನ ಪಾದವನ್ನು ಕಾಯುತ್ತಿದೆ. ಆ ಋಣ ನನಗಿದೆ.

ಚಪ್ಪಲಿ ಸಿಕ್ಕಿತು, ಅದನ್ನು ಮನೆಯೊಳಗೆ ಹಾಕಿಕೊಳ್ಳಬೇಕಲ್ಲ. ನಮ್ಮಂಥ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಹೊಸಿಲು ದಾಟಿ ಚಪ್ಪಲಿ ಬಂದದ್ದೇ ಇಲ್ಲ. ಅತ್ತೆಯವರು ಆಗ ನಮ್ಮಲ್ಲೇ ಇದ್ದರು, ಎಂಬತ್ತು ದಾಟಿತ್ತು. ಮೊದಲ ದಿನ ನಡುಮನೆಯಲ್ಲಿ ಚಪ್ಪಲಿ ಸದ್ದು ಕೇಳಿ ಮುಖ ತಿರುಗಿಸಿಕೊಂಡರು. ಹೆಂಡತಿ ಅವರ ಎದುರು ಕುಳಿತು, ‘ಅವ್ವ, ಇದು ಚಪ್ಪಲಿ ಅಲ್ಲ, ಔಷಧಿ’ ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಒಳಗಡೀಕೆ ಬ್ಯಾರೆ ಜೊತೆ ಇಟ್ಕಳಪ್ಪ, ಬೀದೀಲಿ ತುಳ್ದಿದ್ದು ಬ್ಯಾಡ’ ಎಂದರು. ಅಷ್ಟೇ. ಒಳಗೆ ಬೇರೆ ಜೊತೆ, ಹೊರಗೆ ಬೇರೆ ಜೊತೆ. ದೇವರ ಮನೆಗೆ ದಪ್ಪ ಬಿಳಿ ಕಾಲುಚೀಲ. ದೇವಸ್ಥಾನಕ್ಕೆ ಹೋಗುವುದನ್ನು ನಾನು ಬಿಟ್ಟಿಲ್ಲ, ಬೆಳಿಗ್ಗೆ ಕಲ್ಲು ಕಾಯುವ ಮೊದಲೇ ಹೋಗಿ ಬರುತ್ತೇನೆ, ಕಾಲುಚೀಲ ಹಾಕಿಕೊಂಡೇ ಪ್ರದಕ್ಷಿಣೆ. ಯಾವ ದೇವರೂ ಇದಕ್ಕೆ ಮುನಿಯಲಾರ. ಬಿಳಿಯದೇ ಯಾಕೆಂದರೆ ರಕ್ತವೋ ಕೀವೋ ತಗುಲಿದರೆ ತಕ್ಷಣ ಕಾಣುತ್ತದೆ.

ರಾತ್ರಿ ಊಟವಾಗಿ ಸ್ವಲ್ಪ ನಡೆದಾಡಿ ಬಂದ ಮೇಲೆ ಪಾದ ನೋಡುವ ಹೊತ್ತು. ಉಗುರು ಬೆಚ್ಚಗಿನ ನೀರು. ಬಿಸಿ ಎಷ್ಟಿದೆ ಎಂದು ನಾನು ಕಾಲಿನಿಂದ ನೋಡುವಂತಿಲ್ಲ, ಹೆಂಡತಿ ಮೊಣಕೈ ಅದ್ದಿ ನೋಡುತ್ತಾಳೆ. ತೊಳೆದು ಹತ್ತಿಯ ಬಟ್ಟೆಯಿಂದ ಒರೆಸಿ, ಬೆರಳ ಸಂದು ಪೂರಾ ಒಣಗುವ ಹಾಗೆ ಮಾಡಬೇಕು. ಅಂಗಾಲಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಸಂದಿಗೆ ಎಣ್ಣೆ ಹಚ್ಚಬಾರದು, ತೇವ ನಿಂತರೆ ಕೊಳೆಯುತ್ತದೆ. ಆಮೇಲೆ ಕನ್ನಡಿ. ನೆಲದ ಮೇಲೆ ಕೈಗನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿದರೆ ಅಂಗಾಲು ಕಾಣುತ್ತದೆ. ಕೆಂಪಾದದ್ದು, ಊದಿದ್ದು, ಬಿರುಕು, ಹೊಸ ಆಣಿ ಏನಾದರೂ ಇದೆಯೇ ಎಂದು ಇಬ್ಬರೂ ನೋಡುತ್ತೇವೆ. ಉಗುರನ್ನು ಮೂಲೆಗೆ ಕೊರೆಯದೆ ನೇರವಾಗಿ ಕತ್ತರಿಸುತ್ತಾಳೆ. ಬೆಳಿಗ್ಗೆ ಚಪ್ಪಲಿ ಹಾಕುವ ಮುನ್ನ ಕೊಡವಿ, ಒಳಗೆ ಕೈ ಆಡಿಸಿ ನೋಡುತ್ತೇನೆ. ಒಮ್ಮೆ ಅದರೊಳಗೆ ಮೊಮ್ಮಗಳ ಕಿವಿಯೋಲೆಯ ತಿರುಪು ಸಿಕ್ಕಿತ್ತು.

ಇದೆಲ್ಲ ಕಾಲಿನ ಮಾತಾಯಿತು. ಮನೆಯ ಮಾತೂ ಇದೆ. ನಾನು ವಾರ್ಡಿನಲ್ಲಿದ್ದಾಗ ಡಾಕ್ಟರು ನನ್ನ ಹೆಂಡತಿಗೂ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 6.5 ಮುಟ್ಟಿದರೆ ಕಾಯಿಲೆ, ನೀವು ನಡುವೆ ಇದ್ದೀರಿ ಎಂದರು. ಮಗಳಿಗೆ ಬಸುರಿಯಿದ್ದಾಗ ಸಕ್ಕರೆ ಏರಿ, ಹೆರಿಗೆಯಾದ ಮೇಲೆ ಇಳಿದಿತ್ತು. ಹಾಗಾದವರಿಗೆ ಮುಂದೆ ಬರುವ ಸಂಭವ ಹೆಚ್ಚು, ವರ್ಷ ವರ್ಷ ನೋಡಿಸಿಕೊಳ್ಳಬೇಕು ಎಂದು ಅವಳಿಗೂ ಆಗಲೇ ಗೊತ್ತಾದದ್ದು. ಒಬ್ಬನ ಕಾಲಿನ ಮೂಲಕ ಮನೆಯ ಮೂವರ ಲೆಕ್ಕ ಹೊರಬಂತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದೂ, 13.6 ಕೋಟಿ ಮಂದಿ ನನ್ನ ಹೆಂಡತಿಯ ಹಾಗೆ ಅಂಚಿನಲ್ಲಿದ್ದಾರೆಂದೂ ಲೆಕ್ಕ ಹಾಕಿತು. ಓದಿದಾಗ ನನಗೆ ಕಂಡದ್ದು ಆ ಎರಡನೆಯ ಗುಂಪು. ಅವರನ್ನು ಇನ್ನೂ ಉಳಿಸಿಕೊಳ್ಳಬಹುದು.

ಉಳಿಸಿಕೊಳ್ಳಬಹುದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಪುರಾವೆ ಇದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ ಅಂಚಿನಲ್ಲಿದ್ದವರ ಮೇಲೆ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಕಾಯಿಲೆಗೆ ಜಾರುವ ಸಂಭವ 28.5 ಶೇಕಡಾ ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ಅಮೆರಿಕದಲ್ಲಿ ನಡೆದ ಇಂಥದೇ ಒಂದು ಅಧ್ಯಯನದಲ್ಲಿ ಜೀವನಕ್ರಮ ಬದಲಿಸಿದವರಿಗೆ ಇನ್ನೂ ಹೆಚ್ಚಿನ ಫಲ ಸಿಕ್ಕಿತು, 58 ಶೇಕಡಾ. ಅನ್ನ, ಸಾರು, ಇಡ್ಲಿ, ದೋಸೆ ತಿನ್ನುವ ನಮ್ಮಂಥವರ ನಡುವೆಯೇ ನಡೆದದ್ದು ಎಂಬ ಕಾರಣಕ್ಕೆ ಚೆನ್ನೈಯದು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ನಮ್ಮ ಅಡುಗೆಮನೆಯಲ್ಲಿ ಬದಲಾದದ್ದು ಪದಾರ್ಥವಲ್ಲ, ಅಳತೆ ಮತ್ತು ಸರದಿ. ‘ರಾಗಿಮುದ್ದೆ ಉಣ್ಣೋರಿಗೆ ಶುಗರ್ ಎಲ್ಲಿ ಬರುತ್ತೆ’ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ರಾಗಿಯಲ್ಲಿ ಪಾಲಿಷ್ ಅಕ್ಕಿಗಿಂತ ನಾರು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಕೊನೆಗೆ ಪಿಷ್ಟವೇ. ಗ್ಲುಕೋಮೀಟರಿನಲ್ಲಿ ನಾನೇ ನೋಡಿದ್ದೇನೆ. ಈಗ ಮುದ್ದೆ ಅರ್ಧಕ್ಕಿಳಿದಿದೆ, ಸಾರಿನಲ್ಲಿ ಸೊಪ್ಪು ಕಾಳು ದುಪ್ಪಟ್ಟಾಗಿದೆ. ಹುರುಳಿ, ಅವರೆ, ಅಲಸಂದೆ, ನುಗ್ಗೆಸೊಪ್ಪು, ಅಣ್ಣೆಸೊಪ್ಪು. ಮೊದಲು ಕೋಸಂಬರಿ, ಪಲ್ಯ, ಆಮೇಲೆ ಮುದ್ದೆ, ಕೊನೆಗೆ ಒಂದು ಸೌಟು ಮಜ್ಜಿಗೆ ಅನ್ನ. ಕಾಫಿಗೆ ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ಬೆಲ್ಲ ಒಳ್ಳೆಯದು ಎನ್ನುವವರಿಗೆ ಹೇಳುತ್ತೇನೆ, ರಕ್ತಕ್ಕೆ ಹೋದ ಮೇಲೆ ಎರಡಕ್ಕೂ ಒಂದೇ ದಾರಿ. ಯುಗಾದಿಗೆ ಒಬ್ಬಟ್ಟು ಮಾಡುತ್ತೇವೆ, ಅರ್ಧರ್ಧ ತಿನ್ನುತ್ತೇವೆ, ಆ ಹೊತ್ತು ಅನ್ನ ಬಿಡುತ್ತೇವೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಅವಳು ಊಟ ಮಾಡುವ ಹೊತ್ತು. ಎಲ್ಲರಿಗೂ ಬಡಿಸಿ, ಪಾತ್ರೆ ಎತ್ತಿಟ್ಟು, ಹಸಿವು ಸತ್ತ ಮೇಲೆ ಉಳಿದ ಅನ್ನವನ್ನೆಲ್ಲ ಮುಗಿಸಿ ಮಲಗುವುದು ಅವಳ ಜೀವಮಾನದ ಅಭ್ಯಾಸವಾಗಿತ್ತು. ಸೊಪ್ಪು ಪಲ್ಯ ಅವಳ ಪಾಲಿಗೆ ಉಳಿಯುತ್ತಲೇ ಇರಲಿಲ್ಲ. ಈಗ ರಾತ್ರಿ ಏಳೂವರೆಗೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ, ಒಟ್ಟಿಗೆ ಎದ್ದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇವೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ಏರುವ ಸಕ್ಕರೆ ತಗ್ಗುತ್ತದೆ. ಅವಳ ಎಚ್‌ಬಿಎ1ಸಿ ಎರಡನೇ ವರ್ಷ 5.6ಕ್ಕೆ ಇಳಿಯಿತು. ಇನ್ನೂ ಅದರ ಆಸುಪಾಸಿನಲ್ಲೇ ಇದೆ. ನನ್ನದು ಏಳರ ಹತ್ತಿರ ನಿಂತಿದೆ, ಇನ್ಸುಲಿನ್ ಬಿಟ್ಟು ಮಾತ್ರೆಯಲ್ಲೇ ನಡೆಯುತ್ತಿದೆ. ಪಾದದ ಸ್ಪರ್ಶ ಮಾತ್ರ ಮರಳಿಲ್ಲ, ಮರಳುವುದೂ ಇಲ್ಲ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಇದು ನಮ್ಮ ಕಾಲದಲ್ಲಿ ಇರಲಿಲ್ಲ, ಒಳ್ಳೆಯ ಕೆಲಸ. ಆ ಮೇಜಿನ ಮೇಲೆ ಗ್ಲುಕೋಮೀಟರಿನ ಪಕ್ಕದಲ್ಲಿ ಆ ನೈಲಾನ್ ಕಡ್ಡಿಯೂ ಇರಬೇಕು ಎಂಬುದು ನನ್ನ ಬೇಡಿಕೆ. ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರ ಪಾದವನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂಬುದು ವೈದ್ಯರೆಲ್ಲ ಒಪ್ಪಿದ ನಿಯಮವೇ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ತಾಲ್ಲೂಕು ತಾಲ್ಲೂಕಿನಲ್ಲೂ ನಡೆಯಬೇಕು.

ಅಲ್ಲಿಯವರೆಗೆ ಇದನ್ನು ಓದಿದವರಲ್ಲಿ ಒಂದು ಕೇಳಿಕೆ. ನಿಮಗೋ ನಿಮ್ಮ ಮನೆಯವರಿಗೋ ಶುಗರ್ ಇದ್ದರೆ, ಮುಂದಿನ ಸಲ ಡಾಕ್ಟರ ಎದುರು ಕೂತಾಗ ರಕ್ತದ ಚೀಟಿ ಕೊಡುವ ಮೊದಲು ಕಾಲುಚೀಲ ಬಿಚ್ಚಿ. ಅವರು ಕೇಳದಿದ್ದರೂ ಬಿಚ್ಚಿ. ‘ಡಾಕ್ಟ್ರೇ, ನನ್ನ ಪಾದ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ನೋಡುವವರೆಗೆ ಎದ್ದು ಬರಬೇಡಿ.